ನಮ್ಮ ‘ಎಡನೀರು ಸರ್’ ನೆನಪಿಗೆ ಏನು ಮಾಡಿದರೆ ಸರಿ?

ಪ್ರಶ್ನೆ: ವಿದ್ಯಾನಗರದ ವಕೀಲ

ಕಾಸರಗೋಡು, ಮಂಜೇಶ್ವರ ಕಡೆಯಿಂದ ಮಂಗಳೂರಿಗೆ ಹೋಗಿ ಕಾನೂನು ಓದಿದವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಸರ್ ಈ ಆಟಿ ತಿಂಗಳಲ್ಲಿ ತೀರಿಕೊಂಡರು. ಮನೆಯವರಿಗೆ ಪ್ರಚಾರ ಇಷ್ಟವಿಲ್ಲ, ಹಾಗಾಗಿ ಹೆಸರು ಹಾಕುವುದಿಲ್ಲ. ಅವರ ಹತ್ತಿರ ಕಲಿತವರಿಗೆ ‘ಎಡನೀರು ಸರ್’ ಅಂದರೆ ಸಾಕು. ಅವರ ಊರು ಎಡನೀರು ಅಲ್ಲ, ನೀರ್ಚಾಲು. ಆ ಹೆಸರು ಬಂದದ್ದು ಎಡನೀರು ಮಠದ ಸ್ವಾಮಿಗಳಾಗಿದ್ದ ಕೇಶವಾನಂದ ಭಾರತಿಯವರ ಕೇಸಿನಿಂದ.

ಸಂವಿಧಾನ ಪಾಠ ಮಾಡುವವರೆಲ್ಲ ಆ ಕೇಸು ಹೇಳಿಯೇ ಹೇಳುತ್ತಾರೆ. 13 ನ್ಯಾಯಾಧೀಶರು, 68 ದಿನದ ವಾದ, 1973ರ ಏಪ್ರಿಲ್ 24ರ ತೀರ್ಪು, 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ. ಪರೀಕ್ಷೆಗೆ ಅಷ್ಟು ಬರೆದರೆ ನಡೆಯುತ್ತದೆ. ನಮ್ಮ ಸರ್ ಪಾಠ ಶುರು ಮಾಡುತ್ತಿದ್ದದ್ದು ದೆಹಲಿಯಿಂದಲ್ಲ, ಚೆರ್ಕಳದಿಂದ. “ಚೆರ್ಕಳದಲ್ಲಿ ಬದಿಯಡ್ಕದ ಕಡೆಗೆ ತಿರುಗಿ. ಸ್ವಲ್ಪ ಮುಂದೆ ಹೋದರೆ ಮಠ ಸಿಗುತ್ತದೆ. ಈಗ ಹೇಳಿ, ಮಠಕ್ಕೆ ಭೂಮಿ ಇತ್ತು. ಅದರಲ್ಲಿ ಬೇಸಾಯ ಮಾಡುತ್ತಿದ್ದವರು ಯಾರು?” ಅಲ್ಲಿಂದ ಗೇಣಿ, ಗೇಣಿಯಿಂದ 1963ರ ಕೇರಳ ಭೂಸುಧಾರಣೆ ಕಾಯ್ದೆ, ಅದರ 1969ರ ತಿದ್ದುಪಡಿ, 1970ರ ಮಾರ್ಚಿನಲ್ಲಿ ಸ್ವಾಮಿಗಳು ಹಾಕಿದ ರಿಟ್ ಅರ್ಜಿ. ಸ್ವಾಮಿಗಳ ವಕೀಲ ಪಾಲ್ಖೀವಾಲ ಬರುವಾಗ ಎರಡು ಪಿರಿಯಡ್ ಮುಗಿದಿರುತ್ತಿತ್ತು. ಹಾಸನ, ಬಳ್ಳಾರಿ ಕಡೆಯ ಹುಡುಗರಿಗೂ ನಮ್ಮ ಕಡೆಯ ದಾರಿ ಬಾಯಿಪಾಠ ಆಗಿಬಿಟ್ಟಿತ್ತು. ತೀರ್ಪು ಬಂದಾಗ ಸರ್ ಸ್ವತಃ ಕಾನೂನು ವಿದ್ಯಾರ್ಥಿ. ಅಂದಿನ ಪೇಪರ್ ತುಂಡು ಅವರ ಪುಸ್ತಕದ ಒಳಗೆ ಕೊನೆಯವರೆಗೂ ಇತ್ತು.

ತೀರ್ಪಿನ ಕೊನೆಯಲ್ಲಿ 9 ಮಂದಿ ಸಹಿ ಹಾಕಿದ ಸಾರಾಂಶ ಇದೆಯಲ್ಲ, ಅದನ್ನು ಮಾತ್ರ ಓದಿಕೊಂಡು ಬಂದರೆ ಬಿಡುತ್ತಿರಲಿಲ್ಲ. “ಜಸ್ಟಿಸ್ ಖನ್ನಾ ಏನು ಬರೆದಿದ್ದಾರೆ, ಅದನ್ನು ಪೂರ್ತಿ ಓದಿ. ಅವರನ್ನು ಬಿಟ್ಟರೆ ಲೆಕ್ಕ 6-6. ತಕ್ಕಡಿ ಎಲ್ಲಿ ವಾಲಿತು ಅಂತ ನೀವೇ ನೋಡಿ” ಅನ್ನುತ್ತಿದ್ದರು.

ಆಮೇಲೆ ಒಂದು ಪ್ರಶ್ನೆ ಖಾಯಂ. “ಸ್ವಾಮಿಗಳಿಗೆ ಏನು ಸಿಕ್ಕಿತು?” ಭೂಸುಧಾರಣೆ ಉಳಿಯಿತು. ಅದಕ್ಕೆ ರಕ್ಷಣೆ ಕೊಟ್ಟ ಸಂವಿಧಾನದ 29ನೇ ತಿದ್ದುಪಡಿಯನ್ನು ಕೋರ್ಟು ಒಪ್ಪಿತು. ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟೂ ಕೆಡಿಸುವಂತಿಲ್ಲ ಅನ್ನುವುದು ದೇಶಕ್ಕೆ ಸಿಕ್ಕಿತು. ಯಾರಾದರೂ ಎದ್ದು ನಿಂತು “ಕಕ್ಷಿದಾರರು ಸೋತರು, ದೇಶ ಗೆದ್ದಿತು ಸರ್” ಅಂದರೆ ತಲೆ ಅಲ್ಲಾಡಿಸುತ್ತಿದ್ದರು. “ಗೇಣಿದಾರನೂ ಗೆದ್ದ. ಅವನ ಹೆಸರು ಕೇಸಿನಲ್ಲಿ ಎಲ್ಲೂ ಇಲ್ಲ. ಕೋರ್ಟಿಗೆ ಹೋದ ಮೇಲೆ ಅವನನ್ನು ಮರೀಬೇಡಿ.”

ನಾನು ಈಗ ಕಾಸರಗೋಡು ಕೋರ್ಟಿನಲ್ಲಿ ಸಿವಿಲ್ ನೋಡುತ್ತೇನೆ. ಯಾವ ದಾವೆ ಬಂದರೂ, ಕಾಗದದಲ್ಲಿ ಹೆಸರಿಲ್ಲದವರು ಯಾರು ಅಂತ ಮೊದಲು ಹುಡುಕುತ್ತೇನೆ. ಅಕ್ಕ ತಂಗಿಯರು, ಒಕ್ಕಲು ಇದ್ದವರು, ನೀರು ಹೋಗುವ ದಾರಿಯ ಆಚೆಯವರು. ಅದು ಅವರು ಕಲಿಸಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಹಣ ಕೂಡಿದೆ, ಸಣ್ಣ ಮೊತ್ತ ಅಲ್ಲ. ಚಿನ್ನದ ಪದಕ ಇಡೋಣ ಅನ್ನುವವರು ಇದ್ದಾರೆ. ಲೈಬ್ರರಿಯಲ್ಲಿ ದೊಡ್ಡ ಫೋಟೋ ಹಾಕಿಸಿ ಒಂದು ಕಪಾಟಿಗೆ ಹೆಸರಿಡೋಣ ಅನ್ನುವವರು ಇದ್ದಾರೆ. ನನಗೆ ಯಾವುದೂ ಮನಸ್ಸಿಗೆ ಹಿಡಿಸುತ್ತಿಲ್ಲ. ಪದಕ ಹೇಗೂ ಮೊದಲ ರ‍್ಯಾಂಕಿನವರಿಗೆ ಹೋಗುತ್ತದೆ. ಸರ್ ತಮ್ಮ ಆಯುಷ್ಯವನ್ನೆಲ್ಲ ಕೊಟ್ಟದ್ದು ಹಿಂದಿನ ಬೆಂಚಿನವರಿಗೆ ಅಲ್ವಾ? ಅವರ ಹತ್ತಿರ ಕಲಿತವರು, ಅವರನ್ನು ಬೇರೆ ರೀತಿಯಲ್ಲಿ ಬಲ್ಲವರು, ನಿಮಗೆ ಏನು ಅನ್ನಿಸುತ್ತದೆ ಹೇಳಿ.

ಉತ್ತರ: ಕುಂಬಳೆಯವಳು

ಅಣ್ಣ, ಸುದ್ದಿ ನಿಮ್ಮ ಈ ಬರಹದಿಂದಲೇ ಗೊತ್ತಾದದ್ದು. ಓದಿ ಸ್ವಲ್ಪ ಹೊತ್ತು ಏನೂ ಮಾಡಲು ಆಗಲಿಲ್ಲ.

ಸರ್ ನೀರ್ಚಾಲಿನಿಂದ ಬಸ್ಸಿನಲ್ಲಿ ಕುಂಬಳೆಗೆ ಬರುತ್ತಿದ್ದರು. ಅಲ್ಲಿಂದ ಬೆಳಗ್ಗಿನ ರೈಲು. ನಾವು ಹುಡುಗಿಯರು ಅದೇ ರೈಲು. ರೈಲಿನಲ್ಲಿ ಪಾಠದ ಸುದ್ದಿ ಎತ್ತುತ್ತಿರಲಿಲ್ಲ. “ತಿಂಡಿ ಆಯಿತಾ?” ಅಂತ ಕೇಳುತ್ತಿದ್ದರು. ಆಗಿಲ್ಲ ಅಂದರೆ ಬುತ್ತಿಯ ಮೇಲಿನ ತಟ್ಟೆ ಈ ಕಡೆಗೆ ಬರುತ್ತಿತ್ತು. ಉಪ್ಪಳ ದಾಟುವಾಗ ಖಾಲಿ.

ಎರಡನೇ ವರ್ಷ ನನ್ನ ತಂದೆ ತೀರಿಕೊಂಡರು. ಇನ್ನು ಓದು ಸಾಕು ಅಂತ ಅಣ್ಣ ಹೇಳಿದ. ನಾನು ಹೋಗುವುದು ನಿಲ್ಲಿಸಿದೆ. ಸರ್ ಮನೆಗೆ ಬಂದರು. ಒಬ್ಬರೇ ಬರಲಿಲ್ಲ, ಟೀಚರನ್ನೂ ಕರೆದುಕೊಂಡು ಬಂದಿದ್ದರು, ಅವರ ಹೆಂಡತಿಯನ್ನು. ಟೀಚರ್ ಒಳಗೆ ಅಮ್ಮನ ಹತ್ತಿರ ಕೂತರು. ಸರ್ ಹೊರಗೆ ಅಣ್ಣನ ಹತ್ತಿರ. ಹೆಣ್ಣು ಮಕ್ಕಳು ಓದಬೇಕು, ಹಾಗೆ ಹೀಗೆ ಅಂತ ಭಾಷಣ ಮಾಡುತ್ತಾರೆ ಅಂದುಕೊಂಡಿದ್ದೆ. ಅಂಥದ್ದು ಒಂದು ಮಾತೂ ಇಲ್ಲ. “ನಿನ್ನ ಅಪ್ಪ ವಿಲ್ ಬರೆದಿದ್ದಾರಾ?” ಅಂತ ಕೇಳಿದರು. ಇಲ್ಲ. “ಸ್ವಂತ ಸಂಪಾದನೆಯ ಜಾಗವಾ?” ಹೌದು. “ಹಾಗಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ. ನಿನ್ನ ಅಮ್ಮ, ನೀನು, ನಿನ್ನ ತಂಗಿ, ಮೂವರಿಗೂ ಸರಿಪಾಲು. ಇವಳ ಫೀಸು ನಿನ್ನ ಕೈಯಿಂದ ಹೋಗುವುದಲ್ಲ ಮಾರಾಯ. ಅವಳ ಪಾಲಿನದ್ದು ಅವಳಿಗೆ ಹೋಗುತ್ತದೆ, ಅಷ್ಟೇ.”

ಅಣ್ಣನ ಮುಖ ಕೆಂಪಾಯಿತು. ಸರ್ ಎದ್ದು ಹೋಗಲಿಲ್ಲ. ಮಜ್ಜಿಗೆ ಕುಡಿದರು, ತೋಟಕ್ಕೆ ಈ ಸಲ ಕೊಳೆರೋಗ ಬಂದಿದೆಯಾ ಅಂತ ಕೇಳಿದರು, ಎಷ್ಟು ಸಲ ಬೋರ್ಡೋ ಹೊಡೆದೆ ಅಂತ ಕೇಳಿದರು. ಅಣ್ಣನ ಜೊತೆ ತೋಟಕ್ಕೂ ಇಳಿದರು. ಮರು ತಿಂಗಳು ನನ್ನ ರೈಲು ಪಾಸಿನ ದುಡ್ಡು ಅಣ್ಣನೇ ತಂದು ಕೊಟ್ಟ. ಈಗಲೂ ಸರ್ ಹೆಸರು ಹೇಳಿದರೆ ಅವನಿಗೆ ಗಂಟಲು ಕಟ್ಟುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಕಾಸರಗೋಡಿನ ಕಡೆಯಿಂದ ಕಾನೂನು ಓದಲು ಹೋಗುವ ಮಕ್ಕಳ ರೈಲು ಪಾಸು, ಪರೀಕ್ಷೆ ಫೀಸು ಕಟ್ಟಿ. ಪದಕ ಬೇಡ.

ಉತ್ತರ: ಮಧೂರಿನ ಅರ್ಥಧಾರಿ

ಸರ್ ನನಗೆ ತರಗತಿಯಲ್ಲೂ ಗುರುಗಳು, ತಾಳಮದ್ದಳೆಯಲ್ಲೂ ಗುರುಗಳು. ಒಂದು ದಿನದ ಪಾಠ ಹೇಳುತ್ತೇನೆ.

ಸಹಜ ನ್ಯಾಯದ ಪಾಠ. 1723ರ ಡಾಕ್ಟರ್ ಬೆಂಟ್ಲಿ ಕೇಸು. ಕೇಂಬ್ರಿಜ್‌ನವರು ಅವನ ಮಾತು ಕೇಳದೆ ಪದವಿ ಕಿತ್ತುಕೊಂಡರು. ಕೋರ್ಟು ವಾಪಸ್ ಕೊಡಿಸಿತು. ಆದಾಮನಿಗೆ ಶಿಕ್ಷೆ ಕೊಡುವ ಮೊದಲು ದೇವರು ಕೂಡ ಅವನನ್ನು ಕರೆದು ಕೇಳಿದ್ದ, ನೀವು ಯಾಕೆ ಕೇಳಲಿಲ್ಲ ಅಂತ ಒಬ್ಬ ನ್ಯಾಯಾಧೀಶ ಅಲ್ಲಿ ಹೇಳಿದ್ದಾನೆ. ಅಷ್ಟು ಹೇಳಿ ಸರ್ ಪುಸ್ತಕ ಮುಚ್ಚಿದರು. ಮೇಜಿನ ಎದುರಿಗೆ ಕುರ್ಚಿ ಎಳೆದು ಕೂತರು. ಧ್ವನಿ ಬದಲಾಯಿತು. ವಾಲಿಯ ಅರ್ಥ, ಅಂದರೆ ಆ ಪಾತ್ರದ ಮಾತು, ಶುರು. ಬಾಣ ನೆಟ್ಟಿದೆ, ಉಸಿರು ಹೋಗುತ್ತಿದೆ, ಎದುರಿಗೆ ರಾಮ. ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ತಮ್ಮ ಹೇಳಿದ್ದನ್ನು ಕೇಳಿದೆ, ನನ್ನನ್ನು ಒಂದು ಮಾತು ಕೇಳಿದೆಯಾ? ನನ್ನ ಪಕ್ಕ ಕೂತಿದ್ದ ಹುಡುಗನ ಕೈಯಿಂದ ಪೆನ್ನು ಬಿದ್ದು ಉರುಳಿದ ಸದ್ದು ಇಡೀ ತರಗತಿಗೆ ಕೇಳಿತು.

ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. “ಏಳು. ನೀನು ರಾಮ. ಉತ್ತರ ಕೊಡು.” ನಾನು ತಡವರಿಸಿದೆ. ಅವರು ಬಿಡಲಿಲ್ಲ. “ರಾಮನ ಪಕ್ಷವನ್ನು ಸರಿಯಾಗಿ ಕಟ್ಟದಿದ್ದರೆ ವಾಲಿಯ ಪ್ರಶ್ನೆಗೂ ಬೆಲೆ ಬರುವುದಿಲ್ಲ.” ಮುಂದಿನ ವಾರದವರೆಗೂ ಸಮಯ ಕೊಟ್ಟರು. ಅದೇ ನನ್ನ ಮೊದಲ ವಾದ.

ರಾತ್ರಿಯ ತಾಳಮದ್ದಳೆಗೆ ಕರೆದರೆ ಬರುತ್ತಿದ್ದರು, ಆದರೆ ತಮ್ಮ ಪಾತ್ರ ಮೊದಲಿಗೇ ಇರಬೇಕು ಅಂತ ಕೇಳಿಕೊಳ್ಳುತ್ತಿದ್ದರು. ಮುಗಿದ ಕೂಡಲೇ ಮನೆಗೆ. ಸನ್ಮಾನ, ಊಟ ಯಾವುದಕ್ಕೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿಗೆ ರಾತ್ರಿಯ ಮಾತ್ರೆ ಅವರೇ ಕೊಡಬೇಕಿತ್ತು.

ನನ್ನ ಮತ ಮೂಟ್ ಕೋರ್ಟಿಗೆ, ಅಂದರೆ ವಿದ್ಯಾರ್ಥಿಗಳ ಅಣಕು ಕೋರ್ಟಿಗೆ. ಆದರೆ ಕನ್ನಡದಲ್ಲಿ. ನಮ್ಮ ಊರಿನ ಮಕ್ಕಳು ತಮ್ಮ ಭಾಷೆಯಲ್ಲಿ ಎರಡೂ ಪಕ್ಷದಿಂದ ವಾದ ಮಾಡಬೇಕು, ಬೆಳಗ್ಗೆ ವಾದಿಯಾದವರು ಮಧ್ಯಾಹ್ನ ಪ್ರತಿವಾದಿ ಆಗಬೇಕು.

ಉತ್ತರ: ಪೆರ್ಲದ ಕೃಷಿಕ

ನಾನು ಕಾನೂನು ಓದಿದವನಲ್ಲ, ತೋಟದವನು. ಆದರೂ ಬರೆಯುತ್ತೇನೆ, ಯಾಕೆಂದರೆ ಕಾಲೇಜಿನವರಿಗೆ ಅವರ ಭಾನುವಾರ ಗೊತ್ತಿರಲಿಕ್ಕಿಲ್ಲ.

ನಮ್ಮ ಜಾಗದ ದಸ್ತಾವೇಜು ಅಜ್ಜನ ಕಾಲದ್ದು. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸಿನ ಕೆಳಗೆ ಇದ್ದಾಗಿನದ್ದು. ಕನ್ನಡದಲ್ಲೇ ಇದೆ. ಆದರೆ ಆ ಗುಮಾಸ್ತನ ಅಕ್ಷರ ನಮಗೆ ಓದಲು ಬರುವುದಿಲ್ಲ. ನನ್ನ ಮಕ್ಕಳು ಕಲಿತದ್ದು ಇಂಗ್ಲಿಷಿನಲ್ಲಿ, ಅವರಿಗೆ ಅಚ್ಚಿನ ಕನ್ನಡವೇ ಕಷ್ಟ. ಒಂದು ಕಚೇರಿಯಲ್ಲಿ ಇದನ್ನು ಮಲಯಾಳಕ್ಕೆ ಮಾಡಿಸಿಕೊಂಡು ಬನ್ನಿ ಅಂದರು. ಯಾರು ಮಾಡಿಕೊಡುತ್ತಾರೆ? ಆಗ ಯಾರೋ ಹೇಳಿದರು, ನೀರ್ಚಾಲಿನ ಮಾಷ್ಟ್ರ ಹತ್ತಿರ ಹೋಗಿ, ಭಾನುವಾರ ಜಗಲಿಯಲ್ಲಿ ಕೂತಿರುತ್ತಾರೆ ಅಂತ.

ನನಗೂ ನೆರೆಯ ಬ್ಯಾರಿಗಳಿಗೂ ತೋಡಿನ ಬದಿಯ ಒಂದಷ್ಟು ಸೆಂಟ್ಸು ಜಾಗದ ಬಗ್ಗೆ ತಕರಾರು ಇತ್ತು. ಮಾಷ್ಟ್ರು ಕೈ ತೊಳೆದುಕೊಂಡರು, ಬೈರಾಸಿನಲ್ಲಿ ಬೆರಳು ಬೆರಳು ಒರೆಸಿಕೊಂಡರು. ಕಾಗದ ಮಡಚಿದ ಕಡೆ ಹರಿದಿತ್ತು. ಅಲ್ಲಿಗೆ ಕೈ ತಾಗಿಸದೆ ಹಲಗೆಯ ಮೇಲೆ ಬಿಡಿಸಿದರು. ಭೂತಗನ್ನಡಿ ತೆಗೆದರು. ಮೊದಲ ಸಾಲಿನಿಂದ ಓದಲಿಲ್ಲ, ಸೀದಾ ಚಕ್ಕುಬಂದಿಗೆ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆದಲ್ಲಿಗೆ ಬಂದರು. “ಮೂಡಲು ವರ್ಗದ ಗದ್ದೆ. ತೆಂಕಲು ಓಣಿ. ಪಡುವಲು ತೋಡು. ಬಡಗಲು ಕುಮ್ಕಿ ಗುಡ್ಡೆ.” ನಿಧಾನಕ್ಕೆ ಎರಡು ಸಲ ಓದಿದರು. “ತೋಡು ಈಗಲೂ ಅಲ್ಲೇ ಹರಿಯುತ್ತದಾ?” ಅಂತ ಕೇಳಿದರು. ಹೌದು ಅಂದೆ. “ಎಕ್ರೆ ಸೆಂಟ್ಸಿನ ಲೆಕ್ಕಕ್ಕೂ ಗಡಿಗೂ ತಾಳೆ ಆಗದಿದ್ದರೆ ಕೋರ್ಟು ಸಾಮಾನ್ಯವಾಗಿ ಗಡಿಯನ್ನೇ ಹಿಡಿಯುತ್ತದೆ.” ನನಗೆ ಖುಷಿಯಾಯಿತು, ಎದ್ದೆ. “ಕೂತುಕೋ. ಅವರ ಕಾಗದ ನಾನು ನೋಡಿಲ್ಲ. ಬರುವ ಭಾನುವಾರ ಅವರನ್ನೂ ಕರೆದುಕೊಂಡು ಬಾ” ಅಂದರು.

ಬ್ಯಾರಿಗಳು ಬಂದರು. ಅವರ ದಸ್ತಾವೇಜೂ ಕನ್ನಡದ್ದೇ. ಅದರಲ್ಲಿ ಮೂಡಲು ತೋಡು ಅಂತಿತ್ತು. ಅಂದರೆ ತೋಡೇ ಗಡಿ. ಒಂದು ಮೂಲೆಯಲ್ಲಿ ನಾನು ಬಿಡಬೇಕಾಯಿತು, ಇನ್ನೊಂದು ಮೂಲೆಯಲ್ಲಿ ಅವರು ಬಿಟ್ಟರು. ಕೇಸು ಆಗಲಿಲ್ಲ. ಹೋದ ವರ್ಷ ಅವರ ಮಗಳ ಮದುವೆಗೆ ನಮ್ಮ ತೋಟದಿಂದಲೇ ಬಾಳೆಲೆ ಹೋದದ್ದು.

ದುಡ್ಡು ಮುಟ್ಟಲಿಲ್ಲ ಮಾಷ್ಟ್ರು. ಸರ್ಕಾರಕ್ಕೆ ಅರ್ಜಿ ಬರೆಯುವುದಿದ್ದರೆ ಕನ್ನಡದಲ್ಲೇ ಬರೆದು, ಕೆಳಗೆ ‘ಸಂವಿಧಾನದ 350ನೇ ವಿಧಿಯ ಪ್ರಕಾರ’ ಅಂತ ಸೇರಿಸಲು ಹೇಳಿಕೊಟ್ಟರು. ಕಷ್ಟ ಹೇಳಿಕೊಳ್ಳಲು ಈ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಾದರೂ ಆಗುತ್ತದೆ ಅಂತ ಅದರಲ್ಲಿದೆಯಂತೆ. ನಾನು ಈಗ ಹಾಗೆಯೇ ಬರೆಯುವುದು. ಅವರ ಜಗಲಿ ಮುಚ್ಚದ ಹಾಗೆ ಏನಾದರೂ ಮಾಡಿ ಸ್ವಾಮಿ.

ಉತ್ತರ: ಹೊಸದುರ್ಗದ ವಕೀಲೆ

ನಾನು ಅವರ ಶಿಷ್ಯೆ ಅಲ್ಲ. ಪೆರ್ಲದ ಅಣ್ಣ ಹೇಳಿದ್ದು ತುಂಬಾ ದೊಡ್ಡ ಕೆಲಸ. ಮುಂದುವರಿಸುವುದಾದರೆ ಒಂದು ಮಾತು. ಓದಿ ಹೇಳುವುದು ಬೇರೆ, ಕೇಸು ನಡೆಸುವುದು ಬೇರೆ. ಕೇಸಿನವರೆಗೆ ಹೋಗಬೇಕಾದವರನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂನಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಉತ್ತರ: ಮಗಳು

ನಾನು ಅವರ ಮಗಳು. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಕುಂಬಳೆಯ ಅಕ್ಕನ ಮನೆಗೆ ಹೋದದ್ದು ಅಮ್ಮನಿಗೆ ನೆನಪಿದೆ. ಅಲ್ಲಿಂದ ಬರುವಾಗ ಬಸ್ಸು ಸಿಗದೆ ಸೀತಾಂಗೋಳಿಯಿಂದ ಇಬ್ಬರೂ ನಡೆದುಕೊಂಡು ಬಂದದ್ದಂತೆ.

ಮನೆಯಲ್ಲಿ ಅಪ್ಪ ಕಾನೂನು ಮಾತಾಡುತ್ತಿದ್ದದ್ದು ಕಡಿಮೆ. ಅಮ್ಮನ ಶಾಲೆಗೆ ಮೊದಲ ಬಸ್ಸಿಗೆ ಹೊರಡಬೇಕಿತ್ತು, ಹಾಗಾಗಿ ಬೆಳಗ್ಗಿನ ಒಲೆ ಅಪ್ಪನದ್ದು. ನೀರುದೋಸೆ ಎರೆಯುತ್ತಾ ನನ್ನ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ನನಗೆ ಎರಡು ಜಡೆ ಹಾಕುತ್ತಿದ್ದದ್ದೂ ಅವರೇ. ಬೈತಲೆ ನೇರ ಬರುವವರೆಗೆ ಬಿಚ್ಚಿ ಬಿಚ್ಚಿ ಹಾಕುತ್ತಿದ್ದರು, ಬಸ್ಸು ಹಾರ್ನ್ ಹೊಡೆದರೂ.

ಅರ್ಥಧಾರಿ ಅಣ್ಣ ಹೇಳಿದ ಅಜ್ಜಿ ಅಪ್ಪನ ಅಮ್ಮ ಅಲ್ಲ, ನನ್ನ ಅಮ್ಮನ ಅಮ್ಮ. ಹಾಸಿಗೆ ಹಿಡಿದ ಮೇಲೆ ನಮ್ಮಲ್ಲೇ ಇದ್ದರು. ಮೈ ಒರೆಸುವುದು, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಅಮ್ಮನ ಜೊತೆ ಅಪ್ಪ ಸರಿಸಮ ಮಾಡಿದರು. ಅಳಿಯನ ಕೈಯಲ್ಲಿ ಇದೆಲ್ಲ ಮಾಡಿಸಿಕೊಳ್ಳುವುದಾ ಅಂತ ನೆಂಟರು ಮಾತಾಡಿಕೊಂಡರು. ಅಜ್ಜಿಗೂ ಮೊದಲು ಸಂಕೋಚ. ಕೊನೆ ಕೊನೆಗೆ ಅಜ್ಜಿ ಅಪ್ಪನನ್ನು ‘ಮಗಾ’ ಅಂತಲೇ ಕರೆಯುತ್ತಿದ್ದರು.

2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾಯ್ದೆಗಳು ಬಂದವಲ್ಲ, ಆಗ ಅಪ್ಪ ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಆದರೂ ಮೂರೂ ಪುಸ್ತಕ ತರಿಸಿದರು. ಪಾಠ ಹೇಳಲು ಯಾರೂ ಕರೆದಿರಲಿಲ್ಲ. ಭಾನುವಾರ ಬರುವವರಿಗೆ ಹಳೆ ನಂಬರ್ ಹೇಳಿ ದಾರಿ ತಪ್ಪಿಸಬಾರದು ಅಂತ. ಊಟದ ಮೇಜಿನಲ್ಲಿ ನನ್ನ ಮಗಳನ್ನು ಕೂರಿಸಿಕೊಳ್ಳುತ್ತಿದ್ದರು. ಅವಳು ಕಲಂನ ಹಳೆ ನಂಬರ್ ಹೇಳಬೇಕು, ಇವರು ಹೊಸದು. “302?” “103.” “420?” “318, ನಾಲ್ಕನೇ ಉಪಕಲಂ.” “379?” ಅಲ್ಲಿ ಒಂದೊಂದು ದಿನ ನಿಲ್ಲುತ್ತಿದ್ದರು. ಅವಳೇ ಹೇಳಿಕೊಡುತ್ತಿದ್ದಳು, “303 ಅಜ್ಜ, ಕಳ್ಳತನ.” ಏಳನೇ ಕ್ಲಾಸಿನ ಹುಡುಗಿಗೆ ಪೀನಲ್ ಕೋಡಿನ ಅರ್ಧ ಬಾಯಿಗೆ ಬಂದಿದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಭಾನುವಾರದ್ದು ಒಂದು ನೋಟ್‌ಬುಕ್ ಇದೆ. ಬಂದವರ ಹೆಸರು ಬರೆದಿಲ್ಲ. ಊರು, ಕಾಗದದ ವರ್ಷ, ಏನು ಹೇಳಿದೆ, ಏನು ಹೇಳಲಿಲ್ಲ, ಅಷ್ಟೇ. ‘ವಕೀಲರಲ್ಲಿಗೆ ಕಳಿಸಿದೆ’ ಅಂತ ಸುಮಾರು ಕಡೆ ಇದೆ. ಹಿಂದಿನ ಪುಟಗಳಲ್ಲಿ ಹಳೆ ದಸ್ತಾವೇಜಿನ ಪದಗಳನ್ನು ಪಟ್ಟಿ ಮಾಡಿದ್ದಾರೆ. ಮೂಲಗೇಣಿ, ಚಾಲಗೇಣಿ, ಅಡಂಗಲ್, ಮುಡಿ ಅಕ್ಕಿಯ ಲೆಕ್ಕ, ಗುಮಾಸ್ತರು ಅಕ್ಷರ ಕೂಡಿಸಿ ಬರೆಯುವ ಬಗೆ, ಪಕ್ಕದಲ್ಲಿ ಅವರೇ ಬಿಡಿಸಿ ಬರೆದ ಮಾದರಿ. ಅದನ್ನು ಸ್ಕ್ಯಾನ್ ಮಾಡಿ ಕೊಡುತ್ತೇನೆ. ಯಾರು ಬೇಕಾದರೂ ಉಪಯೋಗಿಸಬಹುದು.

ಆದರೆ ಜಗಲಿ ಬೇಡ. ಪೆರ್ಲದ ಅಣ್ಣ ಬೇಸರ ಮಾಡಿಕೊಳ್ಳಬೇಡಿ. ಅಮ್ಮನಿಗೆ ಸುಸ್ತಾಗಿದೆ. ಇಷ್ಟು ವರ್ಷ ಬಂದವರಿಗೆಲ್ಲ ಚಾ, ಮಜ್ಜಿಗೆ ಮಾಡಿದ್ದು ಅವರು. ಇನ್ನು ಅವರ ಭಾನುವಾರ ಅವರಿಗೇ ಇರಲಿ. ಬೇರೆ ಎಲ್ಲಾದರೂ ಮಾಡಿ. ಫೋಟೋ, ಪದಕ ಯಾವುದೂ ಬೇಡ ಅಂತ ಅಮ್ಮ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಉತ್ತರ: ವಿದ್ಯಾನಗರದ ವಕೀಲ

ತಂಗೀ, ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ಹೇಳು. ಮನೆಗೆ ಯಾರೂ ಬರುವುದಿಲ್ಲ, ಆ ಜವಾಬ್ದಾರಿ ನನ್ನದು.

ನಿನ್ನೆ ರಾತ್ರಿ ಗುಂಪಿನಲ್ಲಿ ಮಾತಾಡಿದೆವು. ಪದಕ, ಫೋಟೋ ಕೈಬಿಟ್ಟೆವು. ಕೂಡಿದ ಹಣ ಕುಂಬಳೆಯ ತಂಗಿ ಹೇಳಿದ ಹಾಗೆ ಪಾಸಿಗೆ, ಫೀಸಿಗೆ. ಮೂಟ್ ಕೋರ್ಟು ಒಳ್ಳೆಯದೇ, ಆದರೆ ಅದಕ್ಕೆ ಓಡಾಡುವವರು ಬೇಕು. ಅರ್ಥಧಾರಿಗಳು ಮುಂದೆ ನಿಂತರೆ ನಾವು ಜೊತೆಗಿದ್ದೇವೆ. ಭಾನುವಾರದ ಕೆಲಸಕ್ಕೆ ಹಣ ಬೇಕಾಗಿಲ್ಲ, ಜನ ಬೇಕು. ಬದಿಯಡ್ಕದಲ್ಲಿ ಒಂದು ವಾಚನಾಲಯದವರು ತಿಂಗಳಿಗೆ ಒಂದು ಭಾನುವಾರ ಕೋಣೆ ಬಿಟ್ಟುಕೊಡಲು ಒಪ್ಪಿದ್ದಾರೆ. ನಾವು ನಾಲ್ಕು ಜನ ವಕೀಲರು ಸರದಿಯಲ್ಲಿ ಕೂರುತ್ತೇವೆ. ಹೊಸದುರ್ಗದವರು ಹೇಳಿದ ಉಚಿತ ನೆರವಿನ ಅರ್ಜಿಯೂ ಅಲ್ಲಿ ಇಟ್ಟಿರುತ್ತೇವೆ.

ಬರುವವರಿಗೆ ಹೇಳಿ: ಮೂಲ ದಸ್ತಾವೇಜು ಮನೆಯಲ್ಲೇ ಇರಲಿ, ನಕಲೋ ಫೋಟೋವೋ ತಂದರೆ ಸಾಕು. ತಕರಾರು ಇದ್ದರೆ ಎದುರಿನವರನ್ನೂ ಕರೆದುಕೊಂಡು ಬನ್ನಿ. ಇನ್ನೊಂದು ತುರ್ತು ವಿಷಯ. ಹಳೆ ಗುಮಾಸ್ತರ ಅಕ್ಷರ ಓದಲು ಬರುವವರು ಈಗ ನಮ್ಮ ಹತ್ತಿರ ಒಬ್ಬರೇ ಇದ್ದಾರೆ, ಅವರಿಗೂ ವಯಸ್ಸಾಗಿದೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥ ಹಿರಿಯರು ಯಾರಾದರೂ ಇದ್ದರೆ ಇಲ್ಲಿ ತಿಳಿಸಿ. ಅವರನ್ನು ಕರೆತರಲು, ಮನೆಗೆ ಬಿಡಲು ವಾಹನದ ವ್ಯವಸ್ಥೆ ನಾನು ಮಾಡುತ್ತೇನೆ.